ಸಂಕಲ್ಪದ ಋತು ಯಾವ ನೆಲದ್ದು?

ಪೂಜೆಯ ಆರಂಭದಲ್ಲಿ ಕರ್ತೃವು ತಾನಿರುವ ದೇಶವನ್ನೂ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನೂ ಉಚ್ಚರಿಸಿ, ಇಂಥ ನೆಲೆಯಲ್ಲಿ ಇಂಥ ಹೊತ್ತಿನಲ್ಲಿ ಈ ಕರ್ಮವನ್ನು ಮಾಡುತ್ತೇನೆಂದು ನಿಶ್ಚಯಿಸಿಕೊಳ್ಳುವುದಕ್ಕೆ ಸಂಕಲ್ಪವೆಂದು ಹೆಸರು. ಯುಗಾದಿಯಂದು ಬೆಂಗಳೂರಿನಲ್ಲಿ ವಸಂತ ಋತುವೆಂದು ನುಡಿಯುವಾಗ ಬಿಸಿಲು ಏರುತ್ತಿರುತ್ತದೆ. ಸಿಡ್ನಿಯ ಕನ್ನಡಿಗರು ಅದೇ ಮಾತನ್ನಾಡುವಾಗ ಅಲ್ಲಿ ಬೇಸಿಗೆ ಮುಗಿದು ಶರತ್ಕಾಲ ಕಾಲಿಟ್ಟಿರುತ್ತದೆ. ಹಾಗಾದರೆ ದೇವರ ಮುಂದೆ ಆಡಿದ ಆ ಮಾತು ಅಸತ್ಯವಾಗುತ್ತದೆಯೇ?

ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಹೊತ್ತಿಗೆ ಸೆಕೆ ತುದಿ ಮುಟ್ಟಿ, ಜೂನ್‌ನಿಂದ ಮುಂಗಾರು ಅದನ್ನು ತಣಿಸುತ್ತದೆ. ಸುಮಾರು 34 ಡಿಗ್ರಿ ದಕ್ಷಿಣ ಅಕ್ಷಾಂಶದ ಕಡಲತಡಿಯಲ್ಲಿರುವ ಸಿಡ್ನಿಗೆ ಜನವರಿ ಬೇಸಿಗೆ, ಜುಲೈ ಚಳಿಗಾಲ. ಮಳೆ ವರ್ಷವಿಡೀ ಹಂಚಿಹೋಗಿರುತ್ತದೆ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದರಿಂದ ಉಂಟಾಗುವ ಈ ಅದಲುಬದಲು ಪ್ರಾಚೀನರಿಗೆ ತಿಳಿಯದ್ದಲ್ಲ. ಉತ್ತರಾರ್ಧವನ್ನು ದೇವಭಾಗವೆಂದೂ ದಕ್ಷಿಣಾರ್ಧವನ್ನು ಅಸುರಭಾಗವೆಂದೂ ಕರೆಯುವ ಸೂರ್ಯಸಿದ್ಧಾಂತವು, ಸೂರ್ಯನು ಯಾವ ಭಾಗಕ್ಕೆ ಸಮೀಪನಾಗುತ್ತಾನೋ ಅಲ್ಲಿ ಕಿರಣಗಳು ತೀಕ್ಷ್ಣವಾಗುತ್ತವೆಂದು ವಿವರಿಸುತ್ತದೆ.

ಸೂರ್ಯಚಂದ್ರರ ನಡುವಣ ಅಂತರ 12 ಡಿಗ್ರಿ ಹೆಚ್ಚಿದಂತೆಲ್ಲ ಒಂದೊಂದು ತಿಥಿ ಕಳೆಯುತ್ತದೆ. ಅದು ಆಕಾಶದ ಲೆಕ್ಕವಾದ್ದರಿಂದ ಭೂಮಿಗೆಲ್ಲ ಒಂದೇ. ಋತುವಾದರೋ ನೆಲದ ಅನುಭವ. ಆದರೂ ಪಂಚಾಂಗದ ವಸಂತವೆಂದರೆ ಚೈತ್ರ, ವೈಶಾಖ ಮಾಸಗಳ ಜೋಡಿಗೆ ಇಟ್ಟ ಸಂಜ್ಞೆ, ಅಂದರೆ ಗುರುತಿನ ಹೆಸರು, ಎಂಬುದನ್ನು ಬೆಂಗಳೂರೇ ತೋರಿಸಿಕೊಡುತ್ತದೆ: ಅಲ್ಲಿ ಕಡುಬೇಸಿಗೆ ಬರುವುದು ಆ ವಸಂತದಲ್ಲೇ, ಮುಂಗಾರು ಇಳಿಯುವುದು ಗ್ರೀಷ್ಮವೆನಿಸಿಕೊಂಡ ಮಾಸಗಳಲ್ಲಿ. ಹೆಸರಿಗೂ ಹವೆಗೂ ತಾಯ್ನೆಲದಲ್ಲೇ ಪೂರ್ತಿ ಹೊಂದಿಕೆಯಿಲ್ಲದಿರುವಾಗ, ಸಿಡ್ನಿಯಲ್ಲಿ ಆ ಹೆಸರನ್ನು ಉಳಿಸಿಕೊಂಡವರ ಮೇಲೆ ಸುಳ್ಳಿನ ದೋಷವನ್ನು ಹೊರಿಸಲಾಗದು.

ಸಂಕಲ್ಪವು ತಾನು ಹೇಳುವ ಕಾಲವನ್ನು ವ್ಯಾವಹಾರಿಕ, ಅಂದರೆ ಲೋಕದ ನಡೆನುಡಿಗಾಗಿ ಒಪ್ಪಿಕೊಂಡದ್ದು, ಎಂದೇ ಕರೆಯುತ್ತದೆ. ದಕ್ಷಿಣಾಯನದಲ್ಲಿ ದೇಹ ಬಿಟ್ಟ ಜ್ಞಾನಿಗೂ ವಿದ್ಯೆಯ ಫಲ ತಪ್ಪದೆಂದು ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ ನಿರ್ಣಯಿಸಿರುವುದೂ ಪರಮಾರ್ಥವು ಕಾಲದ ಹಂಗಿನಲ್ಲಿಲ್ಲವೆಂಬುದಕ್ಕೆ ಆಧಾರ. ಆದರೆ ದೇಶದ ಮಾತು ಹಾಗಲ್ಲ. ಕರ್ಮ ನಡೆಯುವ ಜಾಗವನ್ನು ಗುರುತಿಸುವುದಕ್ಕೇ ಅದನ್ನು ಹೇಳುವುದರಿಂದ, ಸಿಡ್ನಿಯಲ್ಲಿ ಕುಳಿತವರು ಮೇರುವಿನ ದಕ್ಷಿಣದ ಭಾರತವರ್ಷದಲ್ಲಿದ್ದೇವೆಂದು ನುಡಿದರೆ ಸಂಕಲ್ಪದ ಉದ್ದೇಶವೇ ಕೆಡುತ್ತದೆ. ಋತುವಿನ ಹೆಸರು ಪರಂಪರೆಯದಾಗಿ ಉಳಿಯಲಿ, ಬಂಧುಗಳೆಲ್ಲರನ್ನು ಒಂದೇ ಹಬ್ಬದಲ್ಲಿ ಕೂಡಿಸಲಿ. ದೇಶದ ಹೆಸರು ಮಾತ್ರ ಅನ್ನ ನೀರು ಕೊಟ್ಟು ಸಾಕುತ್ತಿರುವ ನೆಲದ್ದೇ ಆಗಬೇಕು.