ಗೆದ್ದವನ ನಾಲಿಗೆ

ಆಟವೆಂದ ಮೇಲೆ ಒಬ್ಬ ಗೆಲ್ಲಬೇಕು, ಇನ್ನೊಬ್ಬ ಸೋಲಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಗೆದ್ದವನು ಸೋತವನಿಗೆ ಏನು ಹೇಳಬಹುದು, ಎಲ್ಲಿಯವರೆಗೆ ಹೇಳಬಹುದು ಎಂಬ ಪ್ರಶ್ನೆ ಬಂದಾಗ ಮಾತ್ರ ಮನೆಮನೆಯಲ್ಲಿಯೂ ಹಿರಿಯರದೊಂದು ಪಕ್ಷ, ಕಿರಿಯರದೊಂದು ಪಕ್ಷ ಆಗಿಬಿಡುತ್ತದೆ. ಮೊಬೈಲಿನಲ್ಲಿ ಆಡುವ ಮಕ್ಕಳ ಬಾಯಿಂದ ಬರುವ ಮಾತುಗಳನ್ನು ಕೇಳಿ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಅವರಾದರೋ, "ಅದೂ ಆಟದ ಒಂದು ಭಾಗವೇ" ಎಂದು ನಕ್ಕು ಸುಮ್ಮನಾಗುತ್ತಾರೆ. ಈ ಉತ್ತರವನ್ನು ಉಡಾಫೆಯೆಂದು ತಳ್ಳಿಹಾಕುವುದು ಸುಲಭ. ನನಗೇನೋ ಅದು ಕೂತು ಯೋಚಿಸಬೇಕಾದ ಮಾತೆಂದೇ ತೋರುತ್ತದೆ.

ಈ ಆಟಗಳ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ನಮ್ಮ ಹುಡುಗರಲ್ಲಿ ಬಹಳ ಬಳಕೆಯಲ್ಲಿದ್ದ ಪಬ್‌ಜಿ ಎಂಬ ಆಟವನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಮರುವರ್ಷ ಜುಲೈನಲ್ಲಿ ಅದೇ ಬಗೆಯ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಿಂದ ಬಂತು. 2022ರ ಜುಲೈನಲ್ಲಿ ಅದೂ ನಿಂತಿತು. 2023ರ ಮೇ ತಿಂಗಳಲ್ಲಿ ಮರಳಿ ಬಂತು. ನೂರು ಜನ ಆಟಗಾರರು ವಿಮಾನದಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಆಯುಧ ಹುಡುಕಿಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ಹೊಡೆದುರುಳಿಸುತ್ತಾರೆ. ಕೊನೆಗೆ ಉಳಿದವರು ಗೆದ್ದಂತೆ. ನಾಲ್ಕು ಜನರ ತಂಡ ಕಟ್ಟಿಕೊಂಡು ಆಡುವುದುಂಟು. ತಂಡದವರು ಪರಸ್ಪರ ಮಾತನಾಡಬಹುದು. ಅವರು ಸ್ನೇಹಿತರೇ ಆಗಿರಬೇಕೆಂದಿಲ್ಲ. ಡೊಂಬಿವಲಿಯ ಹುಡುಗನಿಗೆ ಲಖನೌದವನೂ ಇಂದೂರಿನವನೂ ಜೊತೆಗಾರರಾಗಿ ಒದಗಬಹುದು. ಮುಖ ಕಾಣದು, ನಿಜವಾದ ಹೆಸರು ತಿಳಿಯದು.

ಇಂಥ ಗುಂಡಿನ ಆಟಗಳಲ್ಲೆಲ್ಲ ಒಂದು ಚಾಳಿ ಬೆಳೆದಿದೆ. ಎದುರಾಳಿಯನ್ನು ಉರುಳಿಸಿದ ಮೇಲೆ ಅವನ ದೇಹದ ಮೇಲೆ ನಿಂತು ಕುಕ್ಕರಿಸಿ ಏಳುವುದು, ಮತ್ತೆ ಕುಕ್ಕರಿಸಿ ಏಳುವುದು. ಇದರಿಂದ ಒಂದು ಅಂಕವೂ ಬರುವುದಿಲ್ಲ. ಸಮಯ ಹಾಳು, ಅಷ್ಟರಲ್ಲಿ ಇನ್ನೊಬ್ಬ ಬಂದು ಇವನನ್ನೇ ಹೊಡೆಯಲೂಬಹುದು. ಆದರೂ ಮಾಡುತ್ತಾರೆ. ಬಿದ್ದವನು ತನ್ನ ಪರದೆಯ ಮೇಲೆ ಅದನ್ನು ನೋಡುತ್ತಿದ್ದಾನೆ ಎಂಬುದೇ ಅದರ ಸುಖ.

ಇದು ಮೊಬೈಲಿನೊಂದಿಗೆ ಬಂದ ರೋಗವೆಂದು ಯಾರೂ ತಿಳಿಯಬೇಕಾಗಿಲ್ಲ. ಕುರುಕ್ಷೇತ್ರದ ಕಡೆಯ ದಿನ ಭೀಮ ಮಾಡಿದ್ದೂ ಇದನ್ನೇ. ವ್ಯಾಸಭಾರತದ ಶಲ್ಯಪರ್ವದಲ್ಲಿ ಅವನು ಮಾಡುವ ತಪ್ಪುಗಳು ಎರಡು. ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದು ದುರ್ಯೋಧನನ ತೊಡೆಗೆ ಹೊಡೆದದ್ದು ಮೊದಲನೆಯದು. ಅದಕ್ಕೆ ಬಲರಾಮ ಸಿಟ್ಟಾಗಿ ನೇಗಿಲೆತ್ತಿದ. ಬಿದ್ದವನ ತಲೆಯನ್ನು ಎಡಗಾಲಿನಿಂದ ಮೆಟ್ಟಿದ್ದು ಎರಡನೆಯದು. ಇದನ್ನು ತಡೆಯಲು ಬಂದವನು ಎದುರು ಪಕ್ಷದವನಲ್ಲ, ಸ್ವಂತ ಅಣ್ಣ ಧರ್ಮರಾಯ. ಗೆಲುವಿನ ಲಾಭವೆಲ್ಲ ಯಾರಿಗೆ ಸೇರಬೇಕೋ ಅವನೇ ಬಂದು, ಇವನು ರಾಜ, ನಮ್ಮ ದಾಯಾದಿ, ಎಲ್ಲವನ್ನೂ ಕಳೆದುಕೊಂಡು ಬಿದ್ದಿದ್ದಾನೆ, ಸಾಕು ನಿಲ್ಲಿಸು ಎನ್ನುತ್ತಾನೆ. ತೊಡೆ ಮುರಿದದ್ದಕ್ಕೆ ಪ್ರತಿಜ್ಞೆ, ತಂತ್ರ, ಹಳೆಯ ಅನ್ಯಾಯ ಎಂದು ನೂರು ಸಮರ್ಥನೆಗಳನ್ನು ನಮ್ಮವರು ಇಂದಿಗೂ ಕೊಡುತ್ತಾರೆ. ತಲೆ ಮೆಟ್ಟಿದ್ದಕ್ಕೆ ಸಮರ್ಥನೆ ಕೊಡಲು ಹೋದವನ ದನಿ ಮಾತ್ರ ಸ್ವಲ್ಪ ತಗ್ಗುತ್ತದೆ. ಏಕೆ? ಆಗ ಯುದ್ಧ ಮುಗಿದಿತ್ತು. ಆ ಒದೆತದಿಂದ ಗೆಲ್ಲಬೇಕಾದದ್ದು ಏನೂ ಉಳಿದಿರಲಿಲ್ಲ.

ಹಾಗೆಂದು ಮೂದಲಿಕೆಯೆಲ್ಲವೂ ಕೆಟ್ಟದ್ದೆನ್ನಲು ನಾನು ಸಿದ್ಧನಿಲ್ಲ. ರನ್ನನ ಗದಾಯುದ್ಧದಲ್ಲಿ ಸರೋವರದೊಳಗೆ ಅಡಗಿದ್ದ ದುರ್ಯೋಧನನನ್ನು ಹೊರಗೆಳೆಯುವುದು ಭೀಮನ ಮೂದಲಿಕೆಯೇ. ಅದು ಯುದ್ಧಕ್ಕೆ ಕರೆ. ಎದ್ದು ಬಂದು ಸಮಸಮ ನಿಲ್ಲು ಎಂಬ ಆಹ್ವಾನ. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಒಬ್ಬರ ಮಾತನ್ನೊಬ್ಬರು ಕತ್ತರಿಸಿ ಕೆಣಕುವುದನ್ನು ಕೇಳಲು ನಮ್ಮ ಕರಾವಳಿಯ ಬಂಧುಗಳು ಮುಂಬಯಿಯಲ್ಲಿಯೂ ರಾತ್ರಿ ನಿದ್ದೆಗೆಡುತ್ತಾರೆ. ಅಲ್ಲಿ ಕರ್ಣನು ಅರ್ಜುನನನ್ನು ಹಳಿಯುತ್ತಾನೆಯೇ ಹೊರತು ಕರ್ಣನ ಪಾತ್ರದವರು ಅರ್ಜುನನ ಪಾತ್ರದವರ ಮನೆತನವನ್ನು ಎತ್ತುವುದಿಲ್ಲ. ಎತ್ತಿದರೆ ಆ ಕ್ಷಣಕ್ಕೆ ತಾಳಮದ್ದಳೆ ಮುಗಿಯಿತು, ಜಗಳ ಶುರುವಾಯಿತು. ಕೇರಂ ಬೋರ್ಡಿನ ಮುಂದೆ "ಏನೋ, ಬೆರಳಿಗೆ ಲಕ್ವ ಹೊಡೆದಿದೆಯೇನೋ?" ಎಂದು ಬಾಲ್ಯದ ಗೆಳೆಯ ರೇಗಿಸಿದರೆ ಅದರಲ್ಲಿ ಸಲುಗೆಯಿದೆ. ಗುರುತಿಲ್ಲದವನು ಅದನ್ನೇ ಅಂದರೆ ಕೈ ತಡೆಯುತ್ತದೆ.

"ಆಟದ ಭಾಗ" ಎಂಬ ವಾದದಲ್ಲಿ ಸತ್ಯವಿಲ್ಲದೆ ಇಲ್ಲ. ಆಟ ಎಂಬುದು ಒಂದು ಒಪ್ಪಂದ. ರಸ್ತೆಯಲ್ಲಿ ಒಬ್ಬನ ಮೂಗಿಗೆ ಗುದ್ದಿದರೆ ಪೊಲೀಸರು ಬರುತ್ತಾರೆ. ಬಾಕ್ಸಿಂಗ್ ಅಖಾಡದಲ್ಲಿ ಗುದ್ದಿದರೆ ಪದಕ ಕೊಡುತ್ತಾರೆ. ಮೊಬೈಲಿನ ಆಟದಲ್ಲಿ ಕೊಲ್ಲುವುದಕ್ಕೇ ಒಪ್ಪಿಗೆಯಿರುವಾಗ ಬೈಯುವುದಕ್ಕೆ ಏಕಿಲ್ಲ ಎಂದು ನನ್ನ ತಮ್ಮನ ಮಗ ಕೇಳಿದ. ಬುದ್ಧಿವಂತ ಪ್ರಶ್ನೆ. ನನಗೆ ಹೊಳೆದ ಉತ್ತರ ಇಷ್ಟು: ಆ ದ್ವೀಪದಲ್ಲಿ ಸಾಯುವುದಕ್ಕೆ ಒಪ್ಪಿ ಇಳಿದವನು ಒಂದು ಬೊಂಬೆ. ಅವನು ಸತ್ತರೂ ಅರ್ಧ ಗಂಟೆಯೊಳಗೆ ಇನ್ನೊಂದು ಆಟದಲ್ಲಿ ವಿಮಾನದಿಂದ ಇಳಿಯುತ್ತಾನೆ. ಆದರೆ ತಾಯಿಯನ್ನೋ ಜಾತಿಯನ್ನೋ ಬಣ್ಣವನ್ನೋ ಹಿಡಿದು ಆಡಿದ ಮಾತು ಬೊಂಬೆಗೆ ತಾಗುವುದಿಲ್ಲ. ಬೊಂಬೆಗೆ ತಾಯಿಯೂ ಇಲ್ಲ, ಜಾತಿಯೂ ಇಲ್ಲ. ಅದು ಪರದೆಯ ಈಚೆ ಕುಳಿತವನಿಗೆ ತಾಗುತ್ತದೆ. ಅವನು ಅದಕ್ಕೆ ಒಪ್ಪಿ ಬಂದವನಲ್ಲ.

ಹೊರನಾಡಿನಲ್ಲಿರುವ ನಮಗೆ ಈ ವಿಷಯ ಕೇವಲ ತರ್ಕವಲ್ಲ. ಕಳೆದ ವರ್ಷ ನನ್ನ ಹದಿನಾಲ್ಕು ವರ್ಷದ ಮಗ ಹೀಗೆಯೇ ಮೂವರು ಅಪರಿಚಿತರೊಡನೆ ಆಡುತ್ತಿದ್ದಾಗ ಅವನ ತಾಯಿ ಅಡಿಗೆಮನೆಯಿಂದ "ಊಟಕ್ಕೆ ಬಾರೋ, ಸಾರು ಆರಿಹೋಗುತ್ತೆ" ಎಂದು ಕೂಗಿದಳು. ಮೈಕು ತೆರೆದಿತ್ತು. ಆ ಮೂವರೂ ಅವಳ ದನಿಯನ್ನು ಅಣಕಿಸಿ, "ಮದ್ರಾಸಿ, ಮದ್ರಾಸಿ" ಎಂದು ಶುರುಮಾಡಿ, ಮುಂದೆ ಇಲ್ಲಿ ಬರೆಯಲಾಗದ ಮಾತುಗಳವರೆಗೂ ಹೋದರು. ನೆನಪಿರಲಿ, ಅವರು ಎದುರಾಳಿಗಳೂ ಅಲ್ಲ, ಅವನದೇ ತಂಡದವರು. ಹುಡುಗ ಅಳಲಿಲ್ಲ, ಜಗಳವಾಡಲೂ ಇಲ್ಲ. ಕೇಳಿದ್ದಕ್ಕೆ, "ಅದೆಲ್ಲ ಗೇಮಿನಲ್ಲಿ ನಾರ್ಮಲ್ ಅಪ್ಪ" ಎಂದ. ಆದರೆ ಮರುದಿನದಿಂದ ಆಟಕ್ಕೆ ಕೂರುವ ಮೊದಲು ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದ. "ನಾನು ಆಡುವಾಗ ಜೋರಾಗಿ ಕರೆಯಬೇಡ, ಮೆಸೇಜ್ ಹಾಕು" ಎಂದು ತಾಯಿಗೆ ಹೇಳಿದ. ಅವಳು ಹಾಗೆಯೇ ಮಾಡುತ್ತಿದ್ದಾಳೆ. ಮನೆಯಲ್ಲಿ ಕನ್ನಡ ಉಳಿಸುವುದು ಹೇಗೆಂದು ಸಂಘದಲ್ಲಿ ನಾವು ವರ್ಷಕ್ಕೆರಡು ಸಭೆ ಮಾಡುತ್ತೇವೆ. ಮೂವರು ಪೋರರು ಎರಡು ನಿಮಿಷದಲ್ಲಿ ಒಂದು ಮನೆಯ ಕನ್ನಡವನ್ನು ಬಾಗಿಲಾಚೆ ನಿಲ್ಲಿಸಿದರು. ನಾರ್ಮಲ್ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿ.

ಆಟ ತಯಾರಿಸುವ ಕಂಪನಿಗಳು ಕೈಕಟ್ಟಿ ಕುಳಿತಿಲ್ಲ. ಅವುಗಳ ಪ್ರಯತ್ನದ ಕಥೆಯೇ ಸ್ವಾರಸ್ಯವಾಗಿದೆ. ಅಮೆರಿಕದ ಬ್ಲಿಝರ್ಡ್ ಕಂಪನಿಯದು ಹಾರ್ತ್‌ಸ್ಟೋನ್ ಎಂಬ ಇಸ್ಪೀಟಿನಂಥ ಆಟ. ಗುರುತಿಲ್ಲದ ಇಬ್ಬರು ಆಡುವ ಆಟವಾದ್ದರಿಂದ ಮಾತಿಗೇ ಅವಕಾಶ ಕೊಡದೆ, ನಮಸ್ಕಾರ, ವಂದನೆ, ಚೆನ್ನಾಗಿ ಆಡಿದಿರಿ, ಕ್ಷಮಿಸಿ ಎಂಬಂಥ ಆರೇ ಆರು ಸಿದ್ಧ ಮಾತುಗಳನ್ನು ಕೊಟ್ಟಿದ್ದರು. ಇದರಲ್ಲಿ ಬೈಗುಳ ಎಲ್ಲಿಂದ ಬರಬೇಕು? ಬಂತು! ಎದುರಾಳಿಯನ್ನು ಮುಗಿಸುವ ಏಟಿಗೆ ಮೊದಲು "ಕ್ಷಮಿಸಿ" ಎಂದು ಒತ್ತುವುದು, ಅವನು ತಪ್ಪು ಎಲೆ ಇಳಿಸಿದೊಡನೆ "ಚೆನ್ನಾಗಿ ಆಡಿದಿರಿ" ಎನ್ನುವುದು. ಕೊನೆಗೆ 2015ರಲ್ಲಿ "ಕ್ಷಮಿಸಿ" ಎಂಬ ಮಾತನ್ನೇ ತೆಗೆದುಹಾಕಬೇಕಾಯಿತು. ಅದರ ಜಾಗಕ್ಕೆ "ಆಹಾ!" ಎಂಬರ್ಥದ ಉದ್ಗಾರ ಬಂತು, ಅದನ್ನೂ ವ್ಯಂಗ್ಯಕ್ಕೇ ಬಳಸಿದರೆನ್ನಿ. ಮನುಷ್ಯನ ಭಾಷೆಯಲ್ಲಿ ಅತ್ಯಂತ ವಿನಯದ ಮಾತನ್ನು ಅಸಭ್ಯವೆಂದು ಹೊರಹಾಕಬೇಕಾಗಿ ಬಂದ ಸಂದರ್ಭ ಇನ್ನೊಂದು ಇದ್ದೀತೆ?

ಅದೇ ಕಂಪನಿಯ ಓವರ್‌ವಾಚ್ ಆಟದಲ್ಲಿ ಇನ್ನೊಂದು ಉಪಾಯ ಹೂಡಿದರು. ಆಟ ಮುಗಿದಾಗ "ಜಿಜಿ", ಅಂದರೆ ಒಳ್ಳೆಯ ಆಟ, ಎಂದು ಬರೆಯುವುದು ಈ ಲೋಕದ ಹಳೆಯ ಮರ್ಯಾದೆ. ಟೆನಿಸಿನಲ್ಲಿ ಕೈಕುಲುಕಿದ ಹಾಗೆ. ಕೆಲವರು ಅದರ ಬಾಲಕ್ಕೆ "ಈಝಿ" ಎಂದು ಸೇರಿಸುತ್ತಾರೆ: ನಿನ್ನನ್ನು ಸೋಲಿಸುವುದು ಎಷ್ಟು ಸುಲಭವಪ್ಪ ಎಂದರ್ಥ. 2016ರಲ್ಲಿ ಕಂಪನಿಯವರು, ಯಾರಾದರೂ ಹೀಗೆ ಬರೆದರೆ ಅದು ತಾನಾಗಿಯೇ ಬದಲಾಗಿ, ಮಲಗುವ ಹೊತ್ತು ಮೀರಿತು, ಅಮ್ಮನಿಗೆ ಹೇಳಬೇಡಿ ಎಂಬಂಥ ಮಗುವಿನ ಮಾತು ಕಾಣುವಂತೆ ಮಾಡಿದರು. ಓದಿ ನಕ್ಕೆ. ಆದರೆ ಮುಟ್ಟಿದ್ದು ಅಕ್ಷರವನ್ನು, ಬರೆದವನನ್ನಲ್ಲ.

ಇದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದ ಕಂಪನಿ 2010ರ ದಶಕದಲ್ಲಿ ಕಂಡುಕೊಂಡ ಸಂಗತಿ. ಸದಾ ಬೈಯುವ ಕೆಟ್ಟ ಹುಡುಗರ ಪಾಲು ಒಟ್ಟು ದುರ್ವರ್ತನೆಯಲ್ಲಿ ಶೇಕಡ 13ರಷ್ಟು ಮಾತ್ರ. ಉಳಿದದ್ದೆಲ್ಲ ಸಾಮಾನ್ಯವಾಗಿ ಸಭ್ಯರಾಗಿರುವವರು ಯಾವುದೋ ಕೆಟ್ಟ ಗಳಿಗೆಯಲ್ಲಿ ಆಡಿದ್ದು. ಎಂದರೆ ನಮ್ಮ ನಿಮ್ಮ ಮನೆಯ ಮಕ್ಕಳೇ. ಕೆಟ್ಟವರನ್ನೆಲ್ಲ ಹೊರಹಾಕಿದರೂ ಹೆಚ್ಚಿನ ಪಾಲು ಉಳಿದೇ ಉಳಿಯುತ್ತದೆ. ಆದ್ದರಿಂದ ಅವರು ಎದುರು ತಂಡದೊಡನೆ ಮಾತನಾಡುವ ಸೌಲಭ್ಯವನ್ನು ಮೊದಲಿಗೇ ಮುಚ್ಚಿಟ್ಟು, ಬೇಕಾದವರು ತೆರೆದುಕೊಳ್ಳಲಿ ಎಂದು ಬಿಟ್ಟರು. ತೆರೆಯುವುದಕ್ಕೆ ಒಂದೇ ಗುಂಡಿ. ಒಟ್ಟು ಮಾತುಕತೆ ಹೆಚ್ಚುಕಡಿಮೆ ಮೊದಲಿನಷ್ಟೇ ನಡೆಯಿತು. ಕೆಟ್ಟ ಮಾತು ಮಾತ್ರ ಶೇಕಡ 30ಕ್ಕೂ ಹೆಚ್ಚು ಇಳಿಯಿತು. ರಸಾಯನಶಾಸ್ತ್ರ ಓದಿ ಈಗ ಬಹುಪಾಲು ಮರೆತಿರುವ ನನಗೂ ಇದು ಅರ್ಥವಾಗುತ್ತದೆ. ಕಟ್ಟಿಗೆಯೂ ಗಾಳಿಯೂ ಪಕ್ಕಪಕ್ಕದಲ್ಲಿದ್ದರೂ ಒಂದು ಸಣ್ಣ ದಿಣ್ಣೆ ದಾಟುವಷ್ಟು ಶಾಖ ಸಿಗದೆ ಉರಿ ಹತ್ತುವುದಿಲ್ಲ. ಸಿಟ್ಟಿಗೂ ಬಾಯಿಗೂ ನಡುವೆ ಅಂಥದೊಂದು ದಿಣ್ಣೆಯಿದ್ದರೆ ಎಷ್ಟೋ ಮಾತು ಅಲ್ಲಿಯೇ ಆರಿಹೋಗುತ್ತದೆ.

ಮೈದಾನದಲ್ಲಿ ಆ ದಿಣ್ಣೆ ಎದುರಾಳಿಯ ಮುಖವೇ. ಕಚೇರಿಯಲ್ಲಿ ಅದು ಸಹಿ. ಕಡತದಲ್ಲಿ ಟಿಪ್ಪಣಿ ಬರೆದು ಕೆಳಗೆ ಸಹಿ ಹಾಕಬೇಕಾದವನು ಎಷ್ಟೇ ಕೋಪವಿದ್ದರೂ "ಪರಿಶೀಲಿಸಬಹುದು" ಎಂದೇ ಬರೆಯುತ್ತಾನೆ. ಸಹಿಯಿಲ್ಲದ ದೂರುಗಳು ಹೇಗಿರುತ್ತವೆಂದು ಸರ್ಕಾರಿ ನೌಕರಿಯಲ್ಲಿರುವ ಓದುಗರಿಗೆ ಹೇಳಬೇಕಾಗಿಲ್ಲ. ಅಂಥವುಗಳ ಮೇಲೆ ಕ್ರಮ ಕೈಗೊಳ್ಳಬಾರದೆಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಆದರೆ ಇವೆಲ್ಲ ಕೆಟ್ಟದ್ದನ್ನು ತಡೆಯುವ ಮಾತಾಯಿತು. ಕ್ರೀಡಾಮನೋಭಾವ ಅದಕ್ಕಿಂತ ಹೆಚ್ಚಿನದು. ಯಾವ ನಿಯಮವೂ ಕೇಳದಿದ್ದನ್ನು ಎದುರಾಳಿಗೆ ಕೊಡುವುದು. ಅದಕ್ಕೆ ಉದಾಹರಣೆ ನಮ್ಮ ಮುಂಬಯಿಯ ವಾಂಖೆಡೆ ಮೈದಾನದಲ್ಲಿಯೇ ಇದೆ. 1980ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎದುರು ನಡೆದ ಸುವರ್ಣ ಮಹೋತ್ಸವ ಟೆಸ್ಟ್. ನಾಯಕ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಆಮೇಲೆ ಬಂದ ಬಾಬ್ ಟೇಲರ್ ಕೀಪರಿಗೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದಿತ್ತು. ಅವರು ಮನವಿ ಹಿಂತೆಗೆದುಕೊಂಡು ಟೇಲರರನ್ನು ವಾಪಸು ಕರೆದರು. ಟೇಲರ್ ಮತ್ತು ಬಾಥಮ್ ಜೊತೆಯಾಗಿ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥರು ಮತ್ತೆ ನಾಯಕರಾಗಲಿಲ್ಲ.

ನಾನಾಗ ಇನ್ನೂ ಹುಟ್ಟಿರಲಿಲ್ಲ. ತಂದೆಯವರು ಹೇಳುವುದನ್ನು ಕೇಳಿ ಬೆಳೆದವನು. ಅವರ ಸ್ನೇಹಿತರೊಬ್ಬರು ಪ್ರತಿ ಸಲವೂ ಒಂದು ಆಕ್ಷೇಪಣೆ ಎತ್ತುತ್ತಿದ್ದರು. ಸ್ವಂತದ ಗಂಟನ್ನು ದಾನ ಮಾಡಲಿ, ಇನ್ನು ಹತ್ತು ಜನರ ಗೆಲುವನ್ನು ಕೊಟ್ಟುಬಿಡಲು ಇವರಾರು ಎಂದು. ಇದು ಹಗುರವಾದ ಆಕ್ಷೇಪಣೆಯಲ್ಲ. ಆದರೂ ನನಗನಿಸುವುದು, ಆ ವಿಕೆಟ್ ಭಾರತದ ಗಂಟೇ ಆಗಿರಲಿಲ್ಲ. ತಪ್ಪಿ ನಮ್ಮ ಜೇಬಿಗೆ ಬಿದ್ದದ್ದನ್ನು ವಿಶ್ವನಾಥರು ಹಿಂತಿರುಗಿಸಿದರು. ಎದುರಾಳಿಯೆಂದರೆ ತಮ್ಮೊಡನೆ ಆಡಲು ದೂರದಿಂದ ಬಂದವನು, ಅವನಿಲ್ಲದೆ ಆಟವೇ ಇಲ್ಲ ಎಂದು ತಿಳಿದವರಿಗೆ ಮಾತ್ರ ಇದು ತೋಚೀತು. ಬಿದ್ದವನ ಮೇಲೆ ಕುಕ್ಕರಿಸುವ ಹುಡುಗನಿಗೆ ಆ ಕಡೆ ಒಬ್ಬ ಬಂದಿದ್ದಾನೆ ಎಂಬುದೇ ಕಾಣುವುದಿಲ್ಲ.

ಈ ಸಲ ನಮ್ಮ ಸಂಘದ ವಾರ್ಷಿಕ ಕ್ರೀಡೆಗಳಲ್ಲಿ ಕೇರಂ, ಚದುರಂಗಗಳ ಜೊತೆಗೆ ಮೊಬೈಲ್ ಆಟದ ಸ್ಪರ್ಧೆಯನ್ನೂ ಇಡಬೇಕೆಂದು ಯುವಕರು ಕೇಳಿದ್ದಾರೆ. ಹಿರಿಯರಲ್ಲಿ ಹಲವರು ಬೇಡವೆಂದರು. ನಾನು ಇರಲಿ ಎಂದೆ, ಒಂದೇ ಶರತ್ತಿನ ಮೇಲೆ. ಯಾರೂ ಮನೆಯಿಂದ ಆಡಕೂಡದು. ಎಲ್ಲರೂ ಸಂಘದ ಹಾಲಿಗೆ ಬಂದು, ಎದುರುಬದುರು ಮೇಜು ಹಾಕಿ ಕುಳಿತು, ಮೊದಲು ಹೆಸರು ಹೇಳಿಕೊಂಡು ಆಡಲಿ. ಮುಗಿದ ಮೇಲೆ ಸೋತವರು ಗೆದ್ದವರು ಒಟ್ಟಿಗೆ ಉಪ್ಪಿಟ್ಟು ತಿನ್ನಲಿ. ಹುಡುಗರು ತಲೆಯಾಡಿಸಿದ್ದಾರೆ. ಹಾಲಿನ ವೈಫೈ ಅಷ್ಟು ಫೋನುಗಳಿಗೆ ಸಾಲದು ಎಂಬುದೊಂದೇ ಅವರ ತಕರಾರು. ಅದರ ಖರ್ಚಿನ ಪ್ರಶ್ನೆ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಬರಲಿದೆ.