ಅಳುವ ಮಗುವಿನ ಕೈಗೆ



ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಜಗಳೂರಿನಿಂದ ದಾವಣಗೆರೆಗೆ ಸರ್ಕಾರಿ ಬಸ್ಸಿನಲ್ಲಿ ಹೊರಟಿದ್ದೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾದ ಮೇಲೆ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ತವರಿಗೋ ಆಸ್ಪತ್ರೆಗೋ ಹೊರಡುವುದು ಹೆಚ್ಚಾಗಿದೆ. ಅದು ಸಂತೋಷದ ಸಂಗತಿಯೇ. ನನ್ನ ಮುಂದಿನ ಆಸನದಲ್ಲಿದ್ದ ತಾಯಿಯ ತೊಡೆಯ ಮೇಲೆ ಸುಮಾರು ಮೂರು ವರ್ಷದ ಹೆಣ್ಣುಮಗು. ನಿಂತವರ ನಡುವೆ ಅದಕ್ಕೆ ಕಿಟಕಿ ಕಾಣುತ್ತಿರಲಿಲ್ಲ. ಬಸ್ಸು ಊರು ದಾಟುವಷ್ಟರಲ್ಲಿ ಅಳು ಆರಂಭವಾಯಿತು. ತಾಯಿಯ ಮೊಬೈಲಿನ ಚಾರ್ಜು ಮುಗಿದಿತ್ತು. ಸುತ್ತಲಿನವರು ಗೊಣಗತೊಡಗಿದಾಗ ನಾನು ನನ್ನ ಮೊಬೈಲಿನಲ್ಲಿ ಒಂದು ಕಾರ್ಟೂನು ಹಚ್ಚಿ ಮುಂದಕ್ಕೆ ಚಾಚಿದೆ. ಅಳು ಕತ್ತರಿಸಿದಂತೆ ನಿಂತಿತು. "ಪುಣ್ಯ ಬರ್ಲಿ ಯಜಮಾನ್ರೇ" ಎಂದರು ಒಬ್ಬ ಹಿರಿಯರು.

ದಾವಣಗೆರೆಯಲ್ಲಿ ಇಳಿಯುವಾಗ ಮೊಬೈಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲ! ಆಗ ಆ ಮಗು ಅತ್ತ ಅಳು ಬೇರೆಯೇ. ಮೊದಲಿನದು ಬೇಸರದ್ದು, ಇದು ಕಸಿದುಕೊಂಡದ್ದರ ಅಳು. ತಾಯಿ ತಲೆ ತಗ್ಗಿಸಿದಳು. ನಾನು ಆ ಮಗುವಿಗೆ ಏನನ್ನೂ ಕೊಟ್ಟಿರಲಿಲ್ಲ, ನನ್ನ ಕಿವಿಗೆ ಒಂದು ಗಂಟೆಯ ನೆಮ್ಮದಿ ಕೊಂಡುಕೊಂಡಿದ್ದೆ ಎಂಬುದು ನನಗೆ ಹೊಳೆದದ್ದು ನಿಲ್ದಾಣದ ಹೊರಗೆ ಚಹಾ ಕುಡಿಯುವಾಗ.

ಗುರುಮಠದಲ್ಲಿ ನಾವು ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ಪ್ಯಾಸ್ಕಲ್‌ನನ್ನು ಓದಿದ್ದೆವು. ಅವನು ಒಬ್ಬ ಅರಸನ ಉದಾಹರಣೆ ಕೊಡುತ್ತಾನೆ. ಎಲ್ಲವೂ ಇರುವ ಅರಸನನ್ನೂ ವಿನೋದವಿಲ್ಲದೆ ಒಬ್ಬಂಟಿಯಾಗಿ ಬಿಟ್ಟರೆ ಅವನು ತನ್ನ ಸ್ಥಿತಿಯನ್ನು ನೆನೆದು ದುಃಖಿಯಾಗುತ್ತಾನೆ. ಆದ್ದರಿಂದಲೇ ಅವನನ್ನು ಸದಾ ರಂಜಿಸುವವರು ಸುತ್ತ ನೆರೆದಿರುತ್ತಾರೆ. ಇಂದು ನಾವು ಮೂರು ವರ್ಷದ ಮಗುವನ್ನು ಆ ಅರಸನ ಪೀಠದಲ್ಲಿ ಕೂರಿಸಿದ್ದೇವೆಯೇ? ಅರಸನಿಗಾದರೂ ಮರೆಯಬೇಕಾದ ಚಿಂತೆಗಳಿದ್ದವು. ಮಗುವಿಗೆ ಇರುವುದು ಬರಿಯ ಬೇಸರ. ಆ ಬೇಸರದಿಂದಲೇ ಅದು ಜೋಳದ ದಂಟನ್ನು ಬಂಡಿ ಮಾಡುತ್ತದೆ, ಹುಣಸೆಬೀಜವನ್ನು ಸಾಲು ಜೋಡಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ, ಎರಡು ವರ್ಷ ತುಂಬದ ಮಕ್ಕಳಿಗೆ ಕುಳಿತು ಪರದೆ ನೋಡುವುದು ಬೇಡ; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಮಗು ಕುಳಿತಿರುವಾಗ ಹಿರಿಯರು ಜೊತೆಗಿದ್ದು ಓದಿ ಹೇಳಲಿ, ಕಥೆ ಹೇಳಲಿ ಎಂದೂ ಅದೇ ಸಲಹೆಯಲ್ಲಿದೆ. ಗಂಟೆಯ ಲೆಕ್ಕಕ್ಕಿಂತ ಈ ಎರಡನೆಯ ಮಾತೇ ನನ್ನನ್ನು ಹೆಚ್ಚು ಕಾಡುತ್ತದೆ.

ಮಕ್ಕಳನ್ನು ಸಾಕಿ ಬೆಳೆಸದ ನಾನು ಹೀಗೆ ಬರೆಯುವುದು ಸುಲಭ ಎಂದು ನೀವು ಹೇಳಬಹುದು. ನಿಜ. ಮೆಕ್ಕೆಜೋಳದ ಹೊಲದಲ್ಲಿ ದಿನವಿಡೀ ದುಡಿದು ಬಂದ ತಾಯಿ, ರೊಟ್ಟಿ ಬಡಿದು ಮುಗಿಯುವವರೆಗೆ ಮಗು ಒಲೆಯ ಹತ್ತಿರ ಬಾರದಿರಲಿ ಎಂದು ಮೊಬೈಲು ಕೊಟ್ಟರೆ ಅವಳನ್ನು ತಪ್ಪಿತಸ್ಥಳೆನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಪ್ರಶ್ನೆ ಅದೇ ಹೊತ್ತಿನಲ್ಲಿ ಜಗಲಿಯ ಮೇಲೆ ತನ್ನ ಮೊಬೈಲು ನೋಡುತ್ತಾ ಕುಳಿತ ತಂದೆಗೆ. ಹಿಂದಿನ ಕಾಲವೇ ಚೆನ್ನಾಗಿತ್ತು ಎಂದೂ ನಾನು ಹೇಳಲಾರೆ. ಅಂದೂ ಹಿರಿಯರಿಗೆ ಮಗುವಿನ ಮೌನವೇ ಬೇಕಿತ್ತು. ಅದನ್ನು "ಗುಮ್ಮ ಬಂತು" ಎಂದು ಹೆದರಿಸಿ ಪಡೆಯುತ್ತಿದ್ದರು. ನಮಗೆ ಸಿಕ್ಕಿರುವುದು ಹೆದರಿಸದ ಗುಮ್ಮ. ಆದ್ದರಿಂದಲೇ ಅದನ್ನು ದಿನಕ್ಕೆ ಹತ್ತು ಬಾರಿ ಕರೆಯಲು ನಮಗೆ ಸಂಕೋಚವಾಗುವುದಿಲ್ಲ.

ಮೊನ್ನೆ ಅಣ್ಣನ ಮೊಮ್ಮಗನನ್ನು ಕರೆದುಕೊಂಡು ಅದೇ ದಾರಿಯಲ್ಲಿ ಹೋದೆ. ಐದು ವರ್ಷದವನು, ನನ್ನನ್ನು ಫಾದರ್ ತಾತ ಎನ್ನುತ್ತಾನೆ. ಕಿಟಕಿಯ ಪಕ್ಕ ಕೂರಿಸಿದೆ. ಮೊಬೈಲು ಕೇಳಿದ, ಇಲ್ಲವೆಂದೆ. ಮತ್ತೆ ಕೇಳಿದ, ಸೀಟನ್ನು ಒದ್ದ, ಮುಖ ತಿರುಗಿಸಿದ. ಇಪ್ಪತ್ತು ನಿಮಿಷ ನನಗೇ ಕಷ್ಟವಾಯಿತು. ಒಮ್ಮೆ ನನ್ನ ಕೈ ಜೇಬಿಗೂ ಹೋಯಿತು. ಅಷ್ಟರಲ್ಲಿ ಅವನು ಧೂಳು ಹಿಡಿದ ಗಾಜಿನ ಮೇಲೆ ಬೆರಳಿನಿಂದ ಒಂದು ಮೇಕೆ ಬರೆದ. ನಾನು ನಮ್ಮ ತಾಲ್ಲೂಕಿನ ಕೊಂಡುಕುರಿಯ ವಿಷಯ ತೆಗೆದೆ. ರಂಗಯ್ಯನದುರ್ಗದ ಕಾಡಿನಲ್ಲಿ ಅದು ಇದೆ, ಅದಕ್ಕೆಂದೇ 2011ರಲ್ಲಿ ಆ ಕಾಡನ್ನು ವನ್ಯಧಾಮ ಮಾಡಿದರು, ಗಂಡಿಗೆ ನಾಲ್ಕು ಕೊಂಬು ಎಂದೆ. ಅವನು ನಂಬಲಿಲ್ಲ. ಬೆರಳು ಮಡಚಿ ಎಣಿಸಿದ, ಮೇಕೆಗೆ ಇನ್ನೆರಡು ಕೊಂಬು ಬರೆದ.

"ಹೆಣ್ಣಿಗೆ?"

"ಹೆಣ್ಣಿಗೆ ಒಂದೂ ಇಲ್ಲ."

ಅವನು ಗಾಜಿನ ಮೇಲೆ ಕೊಂಬಿಲ್ಲದ ಇನ್ನೊಂದನ್ನು, ಅದರ ಪಕ್ಕದಲ್ಲಿ ಒಂದು ಚಿಕ್ಕದನ್ನು ಬರೆದು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ: "ಫಾದರ್ ತಾತ, ಅಪ್ಪ ಮೇಯೋಕೆ ಹೋದಾಗ ತೋಳ ಬಂದ್ರೆ ಮರೀನ ಯಾರು ನೋಡ್ಕೋತಾರೆ?"

ನಾನು ಯೋಚಿಸುತ್ತಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದ.