ಕುದುರೆ ಹೋದ ಮೇಲೆ

ಬೆಂಗಳೂರಿನ ನಡುವೆ ಇರುವ ರೇಸ್ ಕೋರ್ಸನ್ನು ಕುಣಿಗಲ್ಲಿಗೆ ಸಾಗಿಸುವ ಮಾತು ಈಚೆಗೆ ಕೇಳಿಬಂದಿದೆ. ನಮ್ಮ ತುಮಕೂರು ಜಿಲ್ಲೆಯವರಿಗೆ ಕುಣಿಗಲ್ ಎಂದೊಡನೆ ಮೊದಲು ನೆನಪಾಗುವುದು ಕೆರೆ, ಆಮೇಲೆ ಕುದುರೆ ಫಾರಂ. ಟಿಪ್ಪುವಿನ ದಂಡಿಗೆ ಕುದುರೆ ಬೆಳೆಸಿದ ಲಾಯ ಅದು. ಮುಂದೆ ಇಂಗ್ಲಿಷರ ದಂಡಿಗೆ ಬೆಳೆಸಿತು. ನಮ್ಮ ಕಾಲಕ್ಕೆ ಪಂದ್ಯಕ್ಕೆ ಬೆಳೆಸಿತು. ಯುದ್ಧದ ಕುದುರೆ ಜೂಜಿನ ಕುದುರೆಯಾದದ್ದು ಒಂದು ಹೆಜ್ಜೆ. ಅದರ ಮುಂದಿನ ಹೆಜ್ಜೆ ಯಾವುದೆಂಬುದನ್ನು ಅಮೆರಿಕದವರು ನಮಗಿಂತ ಮೊದಲೇ ಕಂಡಿದ್ದಾರೆ.

ಅಲ್ಲಿ ಕುದುರೆಪಂದ್ಯಕ್ಕೆ ಜನ ಬರುವುದು ಕಡಿಮೆಯಾದಾಗ, ಪಂದ್ಯವನ್ನು ಉಳಿಸುವುದಕ್ಕೆಂದೇ ಜೂಜಿನ ಯಂತ್ರಗಳನ್ನು ಮೈದಾನದ ಪಕ್ಕಕ್ಕೆ ತಂದರು. ಯಂತ್ರದ ಲಾಭದಲ್ಲಿ ಒಂದು ಪಾಲು ಕುದುರೆಯ ಬಹುಮಾನಕ್ಕೆ ಎಂಬ ಕರಾರು. ಡೆಲವೇರ್ ಸಂಸ್ಥಾನದಲ್ಲಿ 1994ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿದರು. ನ್ಯೂಯಾರ್ಕಿನಲ್ಲಿ 1894ರಲ್ಲಿ ಆರಂಭವಾದ ಅಕ್ವಿಡಕ್ಟ್ ಮೈದಾನಕ್ಕೆ 2011ರಲ್ಲಿ ಕ್ಯಾಸಿನೋ ಬಂತು. ಮಯಾಮಿಯ ಬಳಿಯ ಕಾಲ್ಡರ್ ಮೈದಾನದ ಕಥೆ ಇನ್ನೂ ಸ್ಪಷ್ಟ. 1971ರಲ್ಲಿ ಅಲ್ಲಿ ಕುದುರೆ ಓಡತೊಡಗಿತು. 2010ರಲ್ಲಿ ಕ್ಯಾಸಿನೋ ತೆರೆಯಿತು. 2020ರಲ್ಲಿ ಕುದುರೆ ಕೊನೆಯ ಸಲ ಓಡಿತು. ಕುದುರೆಯನ್ನು ಉಳಿಸಲು ಬಂದದ್ದು ಉಳಿಯಿತು, ಕುದುರೆ ಹೋಯಿತು. ಹಾಗಾದರೆ ಅಷ್ಟು ವರ್ಷ ಜನ ಅಲ್ಲಿಗೆ ಬರುತ್ತಿದ್ದುದು ಏನನ್ನು ನೋಡಲು?

ನಮ್ಮಲ್ಲಿ ಈ ಪ್ರಶ್ನೆಯನ್ನು ನ್ಯಾಯಾಲಯಗಳು ಬೇರೊಂದು ಬಗೆಯಲ್ಲಿ ಬಿಡಿಸಿವೆ. 1957ರಲ್ಲಿ ಸುಪ್ರೀಂ ಕೋರ್ಟು ಋಗ್ವೇದವನ್ನೂ ಮಹಾಭಾರತವನ್ನೂ ನೆನೆದು, ಜೂಜು ವ್ಯಾಪಾರವೇ ಅಲ್ಲ ಎಂದಿತು. 1967ರಲ್ಲಿ ಇಸ್ಪೀಟಿನ ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟ ಎಂದಿತು. 1996ರಲ್ಲಿ ಮದರಾಸಿನ ಕುದುರೆಪಂದ್ಯದ ವ್ಯಾಜ್ಯದಲ್ಲಿ, ಕುದುರೆಯ ತಳಿ, ತರಬೇತಿ, ಸವಾರನ ಸಾಮರ್ಥ್ಯ ಇವನ್ನು ಅಳೆದು ಹಣ ಕಟ್ಟುವುದು ಜಾಣ್ಮೆಯ ಕೆಲಸ, ಆದ್ದರಿಂದ ಅದು ಜೂಜಲ್ಲ ಎಂದು ತೀರ್ಪಾಯಿತು. ನಮ್ಮ 1963ರ ಪೊಲೀಸ್ ಕಾಯಿದೆಯೂ, ಪಂದ್ಯದ ದಿನವೇ, ಮೈದಾನದಲ್ಲಿ ಗೊತ್ತುಪಡಿಸಿದ ಆವರಣದೊಳಗೇ ಕಟ್ಟಿದ ಪಣವನ್ನು ಜೂಜಿನಿಂದ ಹೊರಗಿಟ್ಟಿತು. ಬೇಲಿಯೊಳಗೆ ಮರ್ಯಾದೆ, ಬೇಲಿಯಾಚೆ ಅಪರಾಧ!

ಕಾನೂನಿಗೆ ಎಲ್ಲಿಯಾದರೂ ಒಂದು ಗೆರೆ ಬೇಕು; ಅದನ್ನು ಹಳಿಯುವ ಅಧಿಕಾರ ನನ್ನಂಥ ಕನ್ನಡ ಮೇಷ್ಟರಿಗಿಲ್ಲ. ಆದರೆ ಧರ್ಮದ ಗೆರೆ ಅದೇ ಆದೀತೇ? ಜಾಣ್ಮೆಯಿಂದ ಜೂಜು ನಿರ್ದೋಷವಾಗುವುದಾದರೆ, ಹಸ್ತಿನಾವತಿಯ ಸಭೆಯಲ್ಲಿ ಶಕುನಿಯಷ್ಟು ನಿರ್ದೋಷಿ ಮತ್ತೊಬ್ಬನಿರಲಿಲ್ಲ. ಅವನೂ ಇದೇ ವಾದವನ್ನು ಹೂಡಿದ: ವಿದ್ವಾಂಸನು ಅವಿದ್ವಾಂಸನನ್ನು ಗೆಲ್ಲುವುದಿಲ್ಲವೇ, ಬಲ್ಲವನು ಅರಿಯದವನನ್ನು ಸೋಲಿಸುವುದಿಲ್ಲವೇ, ಭಯವಾದರೆ ಬಿಟ್ಟುಬಿಡು ಎಂದ. ಧರ್ಮರಾಯನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಕರೆದ ಮೇಲೆ ಹಿಂದೆಗೆಯಲಾರೆ ಎಂಬ ವ್ರತ ಮಾತ್ರ ಇತ್ತು. ಉತ್ತರದಂಥ ಮಾತು ಬಂದದ್ದು ಆಟಕ್ಕೆ ಕೂರದವಳಿಂದ. ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ ಎಂದು ಆಕೆ ಕೇಳಿದಾಗ ಭೀಷ್ಮನೇ ಧರ್ಮ ಸೂಕ್ಷ್ಮವೆಂದು ತೊದಲಿದ.

ಈ ಪ್ರಸಂಗವನ್ನು ಪಾಠ ಹೇಳುವಾಗೆಲ್ಲ ನನಗೆ ನಮ್ಮೂರಿನ ಒಂದು ಬೆಳಗು ನೆನಪಾಗುತ್ತದೆ. ನಮ್ಮದು ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಮರದಡಿ ಕಂಬಳಿ ಹಾಸಿ ಅಂದರ್ ಬಾಹರ್ ಆಡುವುದು ವಾಡಿಕೆ. ಆ ಒಂದು ದಿನದ ಆಟಕ್ಕೆ ದೋಷವಿಲ್ಲ ಎಂಬ ನಂಬಿಕೆ; ಪೊಲೀಸ್ ಕಾಯಿದೆಗೆ ಬೇಲಿಯಿದ್ದಂತೆ ನಮ್ಮ ಊರಿಗೆ ಪಂಚಾಂಗ. 1996ರ ಹೊಸತೊಡಕಿನಲ್ಲಿ ನನ್ನ ತಂದೆ, ಎಂದೂ ಗೆಲ್ಲದವರು, ರಾತ್ರಿಯೆಲ್ಲ ಗೆದ್ದರು. ಸೋತವರು ಪಕ್ಕದ ಮನೆಯವರು. ನಾನು ಮಾವ ಎಂದು ಕರೆಯುತ್ತಿದ್ದವರು. ಬೆಳಗಾಗುವ ಹೊತ್ತಿಗೆ ನಾಲ್ಕು ಸಾವಿರದ ಇನ್ನೂರು ರೂಪಾಯಿ ಬಾಕಿ. ಎರಡು ದಿನದಲ್ಲಿ ಆರು ಕುರಿ ಮಾರಿ ತಂದುಕೊಟ್ಟರು. ತಂದೆ ಅರ್ಧ ಸಾಕು ಎಂದರು. "ಆಟ ಆಟವೇ ಕಣಪ್ಪ, ಭಿಕ್ಷ ಬೇಡ" ಎಂದು ಪೂರಾ ಎಣಿಸಿ ಇಟ್ಟು ಹೋದರು. ಅಂಗಡಿಯ ಸಾಲಕ್ಕೆ ವರ್ಷಗಟ್ಟಲೆ ವಾಯಿದೆ ಹೇಳುವವರೂ ಇಸ್ಪೀಟಿನ ಸಾಲವನ್ನು ನಿಲ್ಲಿಸಿಕೊಳ್ಳುವುದಿಲ್ಲ! ಜೂಜಿಗೆ ತನ್ನದೇ ಒಂದು ಸತ್ಯಸಂಧತೆಯಿದೆ, ಮನೆ ಮುಳುಗಿಸುವ ಸತ್ಯಸಂಧತೆ. ಕುರಿ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮರಿಯಿಂದ ಸಾಕಿದವರು ಅವರು. ಅವರನ್ನು ಯಾರೂ ಕೇಳಿರಲಿಲ್ಲ. ನನ್ನ ತಾಯಿ ಆ ಹಣವನ್ನು ಮುಟ್ಟಲಿಲ್ಲ; ಅದು ಗೂಡಿನಲ್ಲೇ ಇತ್ತು. ಜೂನ್ ತಿಂಗಳಲ್ಲಿ ನಾನು ತುಮಕೂರಿಗೆ ಕಾಲೇಜು ಸೇರಿದ್ದು ಆ ಹಣದಿಂದ.

ಮಳೆ ನಂಬಿ ಶೇಂಗಾ ಬಿತ್ತುವ ನಮ್ಮ ಸೀಮೆಯ ರೈತ ವರ್ಷವರ್ಷವೂ ಜೂಜಾಡುತ್ತಾನಲ್ಲ, ಅದಕ್ಕೇನೆನ್ನುತ್ತೀರಿ ಎಂದು ಗೆಳೆಯರೊಬ್ಬರು ಕೇಳಿದರು. ಅದೂ ಪಣವೇ, ನಿಜ. ಬೀಜ, ಗೊಬ್ಬರ, ಎತ್ತು ಎಲ್ಲವನ್ನೂ ಮೋಡದ ಮೇಲೆ ಕಟ್ಟಿದಂತೆ. ಆದರೆ ಅವನು ಗೆದ್ದರೆ ಸೋತವನೊಬ್ಬನಿರಬೇಕೆಂಬ ನಿಯಮವಿಲ್ಲ. ಮಳೆ ಬಂದರೆ ಪಕ್ಕದ ಹೊಲಕ್ಕೂ ಬರುತ್ತದೆ. ಕಂಬಳಿಯ ಮೇಲೆ ಹಾಗಲ್ಲ. ಅಲ್ಲಿ ನನ್ನ ತಂದೆಯ ಕೈಗೆ ಬಂದ ಪ್ರತಿ ರೂಪಾಯಿಯೂ ಇನ್ನೊಂದು ಕೈಯಿಂದ ಹೋದದ್ದೇ.

ಈಗ ಕಂಬಳಿಯೂ ಬೇಡ, ಬೇಲಿಯೂ ಬೇಡ. ಲಾಟರಿಯನ್ನು ನಮ್ಮ ಸರ್ಕಾರ 2007ರಲ್ಲಿ ನಿಲ್ಲಿಸಿತು. ಆಟ ಮೊಬೈಲಿನೊಳಗೆ ಸೇರಿತು. 2021ರಲ್ಲಿ ರಾಜ್ಯ ಅದನ್ನು ನಿಷೇಧಿಸಿದರೆ, ಮರುವರ್ಷ ಹೈಕೋರ್ಟು ಜಾಣ್ಮೆಯ ಆಟದ ಮಾತನ್ನೇ ಎತ್ತಿ ಆ ನಿಷೇಧವನ್ನು ರದ್ದುಮಾಡಿತು. 2025ರಲ್ಲಿ ಪಾರ್ಲಿಮೆಂಟು ಜಾಣ್ಮೆಯೋ ಅದೃಷ್ಟವೋ ಎಂದು ಕೇಳದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆ ಮಾಡಿತು. ಮೈದಾನದಲ್ಲಿ ಓಡುವ ಕುದುರೆಗೆ ಆ ಚಿಂತೆಯಿಲ್ಲ. ನನಗೆ ಕುದುರೆಯ ಮೇಲೆ ಸಿಟ್ಟಿಲ್ಲ. ಓಡುವ ಕುದುರೆಯಷ್ಟು ಚೆಲುವಾದ ವಸ್ತು ಕಡಿಮೆ. ಹಣ ಕಟ್ಟದೆ ಅದನ್ನು ನೋಡಲು ಎಷ್ಟು ಜನ ಬರುತ್ತಾರೆಂದು ಒಂದು ದಿನ ಪರೀಕ್ಷಿಸಿದರೆ ಆಗದೇ?

ಕಳೆದ ಸಲ ಊರಿಗೆ ಹೋದಾಗ ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಾವ ಸಿಕ್ಕಿದರು. ವಯಸ್ಸಾಗಿದೆ. ಜೊತೆಗಿದ್ದವರಿಗೆಲ್ಲ ನನ್ನನ್ನು ತೋರಿಸಿ, "ಈ ಮೇಷ್ಟ್ರನ್ನ ಓದಿಸಿದ್ದು ನಾನೇ ಕಣ್ರಯ್ಯ" ಎಂದು ನಕ್ಕರು. ಅವರು ನಕ್ಕದ್ದರಲ್ಲಿ ಕಹಿಯಿತ್ತೇ ಎಂದು ಹುಡುಕಿದೆ, ಕಾಣಲಿಲ್ಲ. ಕಾಫಿಯ ದುಡ್ಡು ಕೊಡಲು ಹೋದೆ. ಕೈ ಹಿಡಿದು ತಡೆದು ತಾವೇ ಕೊಟ್ಟರು.